ಚಕಮಕಿ ಕೋವಿಯೋ, ಕೇಪಿನ ಕೋವಿಯೋ: 50 ಯಾರ್ಡಿನಲ್ಲಿ ಎರಡನ್ನೂ ಹೊಡೆದು ನೋಡಿದ್ದು

ಕೊಪ್ಪದ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜಯ್ಯನ ಹೆಸರಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. ಅವರು ನಳಿಗೆಯ ಬಾಯಿಂದ ಮದ್ದು ಸುರಿದು, ಗಜ ಎಂಬ ಉದ್ದ ಸಲಾಕೆ ಹಾಕಿ ಜಡಿದು, ಕೊನೆಗೆ ಜಜ್ಜಿದರೆ ಸಿಡಿಯುವ ಸಣ್ಣ ಲೋಹದ ಟೋಪಿಯಂಥ ಕೇಪು ಕೂರಿಸುವುದನ್ನು ಜಗಲಿಯಲ್ಲಿ ಕೂತು ನೋಡಿದ್ದೆ, ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ. ಪೆನ್ಸಿಲ್ವೇನಿಯಾಕ್ಕೆ ಬಂದ ಮೇಲೆ ಇಲ್ಲಿನ ಕ್ಲಬ್ಬಿನ ರೇಂಜಿನಲ್ಲಿ ಕಪ್ಪು ಮದ್ದಿನ ಕೋವಿಗಳನ್ನು ಸಾಲಾಗಿ ನಿಲ್ಲಿಸಿದ್ದು ಕಂಡಾಗ ಕೈ ತಾನಾಗಿ ಕೇಪಿನ ಕೋವಿಯ ಕಡೆಗೇ ಹೋಯಿತು. ಎರಡು ವರ್ಷ ಅದೊಂದನ್ನೇ ಹೊಡೆದೆ.

ಆದರೆ ಇದು ಕಲ್ಲನ್ನು ಉಕ್ಕಿಗೆ ಉಜ್ಜಿ ಕಿಡಿ ಹುಟ್ಟಿಸುವ ಚಕಮಕಿ ಕೋವಿಯ ಸೀಮೆ. 18ನೇ ಶತಮಾನದಲ್ಲಿ ಲ್ಯಾಂಕಾಸ್ಟರ್ ಸುತ್ತಮುತ್ತ ಜರ್ಮನ್ ಮೂಲದ ಕೋವಿ ಕಸುಬಿನವರು ಉದ್ದ ನಳಿಗೆಯ ರೈಫಲ್ ರೂಪಿಸಿದ್ದು ಇಲ್ಲೇ. ಇವತ್ತಿಗೂ ಕ್ರಿಸ್‌ಮಸ್ ನಂತರದ ಜಿಂಕೆ ಬೇಟೆಯಲ್ಲಿ ಹೆಚ್ಚಿನ ಕಡೆ ಬಾಯಿಂದ ತುಂಬುವ ಕೋವಿ ಒಯ್ಯುವುದಾದರೆ ಅದು ಫ್ಲಿಂಟ್‌ಲಾಕೇ, ಅಂದರೆ ಚಕಮಕಿಯೇ ಆಗಿರಬೇಕು. ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು ಹೋದ ಬೇಸಿಗೆಯಲ್ಲಿ ತಮ್ಮದನ್ನು ನನ್ನ ಕೈಗೆ ಕೊಟ್ಟು, ‘ನಾಲ್ಕು ತಿಂಗಳು ಹೊಡೆದು ಆಮೇಲೆ ಮಾತಾಡು’ ಎಂದರು. ನನ್ನ ಅದೃಷ್ಟಕ್ಕೆ ಅದು ನನ್ನ ಕೋವಿಯದೇ ಮಾದರಿ. ಎರಡಕ್ಕೂ .50 ಕ್ಯಾಲಿಬರಿನ 32 ಇಂಚು ನಳಿಗೆ. ಕಿಡಿ ಹೊತ್ತಿಸುವ ಲಾಕು ಒಂದೇ ಬೇರೆ.

ಹೋಲಿಕೆ ನ್ಯಾಯವಾಗಿರಲೆಂದು ಉಳಿದದ್ದನ್ನೆಲ್ಲ ಒಂದೇ ಇಟ್ಟೆ: 60 ಗ್ರೇನ್, ಅಂದರೆ ನಾಲ್ಕು ಗ್ರಾಮಿಗೆ ತುಸು ಕಡಿಮೆ ಮೂರು-ಎಫ್ ಎಂಬ ಸಣ್ಣ ಕಾಳಿನ ಮದ್ದು, .490 ಇಂಚು ಅಳತೆಯ ಸೀಸದ ದುಂಡು ಗುಂಡು, ಅದಕ್ಕೆ ಸುತ್ತುವ ಹತ್ತಿ ಬಟ್ಟೆ, ಬಟ್ಟೆಗೆ ಜೇನುಮೇಣ ಮತ್ತು ಆಲಿವ್ ಎಣ್ಣೆಯ ಮಿಶ್ರಣ. ಪ್ರತಿ ಈಡಿನ ನಂತರ ಒದ್ದೆ ಬಟ್ಟೆಯಿಂದ ನಳಿಗೆಯನ್ನು ಒಮ್ಮೆ ಒರೆಸುವುದು. ಈ ಕೊನೆಯದನ್ನು ಬಿಟ್ಟರೆ ಎಂಥ ಕೋವಿಯೂ ಗುರಿ ತಪ್ಪುತ್ತದೆ. ಕಪ್ಪು ಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯ ಕಣವಾಗಿ, ಕಿಟ್ಟವಾಗಿ ಉಳಿಯುತ್ತದೆ. ನಾಲ್ಕನೇ ಗುಂಡಿಗೇ ಗಜ ಒಳಗಿಳಿಯಲು ತಕರಾರು ಮಾಡತೊಡಗುತ್ತದೆ.

ಕೇಪಿನ ಕೋವಿಯಲ್ಲಿ ಕುದುರೆ, ಅಂದರೆ ಸುತ್ತಿಗೆಯಂತೆ ಬೀಳುವ ಭಾಗ, ಬಿದ್ದು ಕೇಪಿನೊಳಗಿನ ಸ್ಫೋಟಕವನ್ನು ಜಜ್ಜುತ್ತದೆ, ಬೆಂಕಿ ಕೇಪು ಕೂರುವ ನಿಪ್ಪಲಿನ ಸಣ್ಣ ತೂತಿನಿಂದ ನೇರ ಮದ್ದಿಗೆ ಹೋಗುತ್ತದೆ. ಟ್ರಿಗರ್ ಒತ್ತಿದ್ದೂ ಢಂ ಎಂದದ್ದೂ ಒಂದೇ ಅನ್ನಿಸುತ್ತದೆ. ಚಕಮಕಿಯದು ಹಾಗಲ್ಲ. ಕುದುರೆ ಕಚ್ಚಿಕೊಂಡ ಕಲ್ಲು ಮದ್ದಿನ ಬಟ್ಟಲಿಗೆ ಮುಚ್ಚಳವೂ ಆದ ಉಕ್ಕಿನ ಫ್ರಿಜ಼ನ್ನನ್ನು ಕೆರೆಯುತ್ತದೆ, ಫ್ರಿಜ಼ನ್ ಮುಂದಕ್ಕೆ ಮಗುಚಿ ಬಟ್ಟಲು ತೆರೆದುಕೊಳ್ಳುತ್ತದೆ, ಕೆಂಪಗೆ ಕಾದ ಉಕ್ಕಿನ ಚೂರುಗಳು ಬಟ್ಟಲಿನಲ್ಲಿರುವ ರಂಜಕದ, ಅಂದರೆ ಮೊದಲು ಹೊತ್ತಿಕೊಳ್ಳುವ ಚಿಟಿಕೆ ಮದ್ದಿಗೆ ಬೀಳುತ್ತವೆ, ಆ ಉರಿ ನಳಿಗೆಯ ಪಕ್ಕದ ತೂತಿನಿಂದ ಒಳಗೆ ನುಗ್ಗುತ್ತದೆ. ಎಲ್ಲ ಸರಿಯಿದ್ದರೆ ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಆದರೂ ಆ ಹೊತ್ತಿನಲ್ಲಿ ಕೆನ್ನೆಯ ಪಕ್ಕದಲ್ಲೇ ಹಳದಿ ಬೆಂಕಿ ಭುಗ್ ಎಂದೇಳುತ್ತದೆ, ಗುಂಡು ಇನ್ನೂ ನಳಿಗೆಯಲ್ಲೇ ಇರುತ್ತದೆ.

ನಾನು ಸೋತದ್ದು ಅಲ್ಲಿ. ಮರಳು ಚೀಲದ ಮೇಲಿಟ್ಟು ಹೊಡೆದಾಗ ಎರಡರಲ್ಲೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಐದು ಗುಂಡು ಕೇಪಿನದರಲ್ಲಿ ಸುಮಾರು ಎರಡೂವರೆ ಇಂಚಿನೊಳಗೆ, ಚಕಮಕಿಯಲ್ಲಿ ಮೂರು ಇಂಚಿನೊಳಗೆ ಬಿದ್ದವು. ನಿಂತು ಹೊಡೆದಾಗ ಬಣ್ಣ ಬಯಲಾಯಿತು. ಹತ್ತು ಗುಂಡಿಗೆ ನೂರು ಅಂಕದ ಟಾರ್ಗೆಟ್‌ನಲ್ಲಿ ಕೇಪಿನ ಕೋವಿಗೆ 78 ಬಂದರೆ ಚಕಮಕಿಗೆ 61. ಬೆಂಕಿ ಕಂಡೊಡನೆ ಕಣ್ಣು ಮುಚ್ಚಿ ತಲೆ ಎತ್ತುತ್ತಿದ್ದೆ. ಗುಂಡುಗಳೆಲ್ಲ ಎಡಕ್ಕೆ, ಮೇಲಕ್ಕೆ.

ಇದಕ್ಕೆ ಆ ಹಿರಿಯರು ಕೊಟ್ಟ ಪರಿಹಾರ ಸರಳವಾದದ್ದು. ಕಲ್ಲಿನ ಜಾಗದಲ್ಲಿ ಅದೇ ಅಳತೆಯ ಮರದ ತುಂಡನ್ನು ಕಚ್ಚಿಸಿ, ಕೋವಿ ಖಾಲಿ ಇದೆಯೆಂದು ಗಜ ಇಳಿಸಿ ಖಾತ್ರಿ ಮಾಡಿಕೊಂಡು, ದಿನಾ ರಾತ್ರಿ ಗೋಡೆಯ ಚುಕ್ಕಿಗೆ ಗುರಿಯಿಟ್ಟು ಮೂವತ್ತು ಸಲ ಟ್ರಿಗರ್ ಒತ್ತುವುದು. ಕುದುರೆ ಬಿದ್ದ ಮೇಲೂ ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸುವವರೆಗೆ ಗುರಿಕಣ್ಣು ಚುಕ್ಕಿ ಬಿಡಬಾರದು. ರೇಂಜಿನಲ್ಲಿ ನಳಿಗೆಗೆ ಏನೂ ತುಂಬದೆ ಬಟ್ಟಲಿಗೆ ಮಾತ್ರ ಮದ್ದು ಹಾಕಿ ಉರಿಸಿ, ಬೆಂಕಿಯನ್ನು ನೋಡುತ್ತಲೇ ಅಲುಗಾಡದೆ ನಿಲ್ಲುವುದನ್ನೂ ಅಭ್ಯಾಸ ಮಾಡಿದೆ. ನಾಲ್ಕು ತಿಂಗಳಿಗೆ ಚಕಮಕಿ 74ಕ್ಕೆ ಏರಿತು. ನನಗೆ ಅದಕ್ಕಿಂತ ಖುಷಿ ಕೊಟ್ಟದ್ದು, ಕೇಪಿನ ಕೋವಿಯೂ 84 ಆದದ್ದು. ಎರಡು ವರ್ಷದಿಂದ ಅದರಲ್ಲೂ ಅದೇ ತಪ್ಪು ಮಾಡುತ್ತಿದ್ದೆ. ಕೇಪು ಬೇಗ ಹೊತ್ತುವುದರಿಂದ ತಪ್ಪು ಮುಚ್ಚಿಹೋಗುತ್ತಿತ್ತು, ಅಷ್ಟೆ.

ಮದ್ದು ಹೊತ್ತದೆ ಹುಸಿ ಹೋದ ಲೆಕ್ಕವನ್ನೂ ಬರೆದಿಟ್ಟಿದ್ದೇನೆ. ಮೊದಲ ನಲವತ್ತು ಈಡಿನಲ್ಲಿ ಕೇಪು ಒಮ್ಮೆ ಕೈಕೊಟ್ಟಿತು. ಹಿಂದಿನ ವಾರ ಸವರಿಟ್ಟ ಎಣ್ಣೆ ನಿಪ್ಪಲಿನ ದಾರಿಯಲ್ಲಿ ಉಳಿದಿತ್ತು. ತುಂಬುವ ಮೊದಲು ಬರೀ ಎರಡು ಕೇಪು ಹೊಡೆದು ದಾರಿ ಬಿಡಿಸಿಕೊಂಡಿದ್ದರೆ ಅದೂ ಆಗುತ್ತಿರಲಿಲ್ಲ. ಚಕಮಕಿ ಐದು ಸಲ ಹುಸಿಯಾಯಿತು. ಎರಡಕ್ಕೆ ಮೊಂಡಾದ ಕಲ್ಲು ಕಾರಣ, ಒಂದಕ್ಕೆ ತೂತಿನಲ್ಲಿ ಕಟ್ಟಿದ ಕಿಟ್ಟ. ಉಳಿದೆರಡು ಜುಲೈನ ಒಂದು ಬೆವರು ಸುರಿಯುವ ಮಧ್ಯಾಹ್ನದವು. ಕಪ್ಪು ಮದ್ದಿನ ಕಿಟ್ಟ ಗಾಳಿಯ ತೇವವನ್ನು ಹೀರುತ್ತದೆ. ಬಟ್ಟಲನ್ನು ಒರೆಸದೆ ಮತ್ತೆ ರಂಜಕ ಹಾಕಿದರೆ ಅದು ಕರಿ ಗಂಜಿಯಾಗುತ್ತದೆ. ಈಗ ಪ್ರತಿ ಗುಂಡಿಗೂ ಬಟ್ಟಲು, ಕಲ್ಲು, ಫ್ರಿಜ಼ನ್ ಮೂರನ್ನೂ ಒರೆಸುತ್ತೇನೆ. ಮಲೆನಾಡಿನ ಮಳೆಗೆ ಕೇಪು ಬಂದದ್ದು ಎಷ್ಟು ದೊಡ್ಡ ಉಪಕಾರ ಎಂದು ಆ ಮಧ್ಯಾಹ್ನ ತಿಳಿಯಿತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಜಜ್ಜಿದರೆ ಹೊತ್ತುವ ಈ ಉಪಾಯಕ್ಕೆ ಪೇಟೆಂಟ್ ಪಡೆದದ್ದು 1807ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಎಂಟು ವರ್ಷದ ನಂತರ. ಟಿಪ್ಪುವಿನ ಕಾರ್ಖಾನೆಗಳಲ್ಲಿ ಆದ ಹುಲಿಮುಖದ ಬಂದೂಕುಗಳು ಚಕಮಕಿಯವು.

ಹುಸಿ ಹೋದರೆ ಎರಡಕ್ಕೂ ನಿಯಮ ಒಂದೇ. ನಳಿಗೆಯ ಬಾಯಿ ಟಾರ್ಗೆಟ್ ಕಡೆಗೇ ಇರಲಿ, ಪೂರ್ತಿ ಒಂದು ನಿಮಿಷ ಕಾಯಿರಿ. ತಡವಾಗಿ ಹೊತ್ತುವುದುಂಟು. ಚಕಮಕಿಗೆ ಇನ್ನೊಂದು ಎಚ್ಚರ ಬೇಕು: ಪಕ್ಕದ ತೂತಿನಿಂದ ಬೆಂಕಿ ಬಲಕ್ಕೆ ಚಿಮ್ಮುತ್ತದೆ. ಬಲಗಡೆ ಯಾರೂ ನಿಲ್ಲಬಾರದು, ಮದ್ದಿನ ಡಬ್ಬಿಯಂತೂ ಇರಲೇಬಾರದು.

ಖರ್ಚು ಹೇಳಿಕೊಳ್ಳುವಷ್ಟು ಬೇರೆಯಿಲ್ಲ. ನೂರು ಕೇಪಿನ ಡಬ್ಬಿ ನನಗೆ ಹತ್ತು ಡಾಲರ್ ಆಸುಪಾಸು ಬೀಳುತ್ತದೆ. ಒಂದು ಕಲ್ಲು ಆಗಾಗ ಅಂಚು ಕೊಡಿಸಿಕೊಂಡು ಐವತ್ತು ಈಡು ಬಾಳಿತು. ಕೋವಿಡ್ ಕಾಲದಲ್ಲಿ ಅಂಗಡಿಗಳಲ್ಲಿ ಕೇಪು ಸಿಗದೆ ಒದ್ದಾಡಿದವರಿಗೆ ಕಲ್ಲಿನ ಬೆಲೆ ಗೊತ್ತು. ಪೈರೊಡೆಕ್ಸ್‌ನಂಥ ಬದಲಿ ಮದ್ದು ಕೇಪಿನ ಕೋವಿಗೆ ನಡೆಯುತ್ತದೆ. ಅದು ಹೊತ್ತಲು ಹೆಚ್ಚು ಶಾಖ ಬೇಕಾದ್ದರಿಂದ ಚಕಮಕಿಗೆ ಅಸಲಿ ಕಪ್ಪು ಮದ್ದೇ ಆಗಬೇಕು.

ತೊಳೆಯುವ ಕೆಲಸ ಎರಡಕ್ಕೂ ಅದೇ ದಿನ ಸಂಜೆಯೇ. ಮಾರನೆಯ ದಿನಕ್ಕೆ ಬಿಟ್ಟರೆ ತುಕ್ಕು. ಅಜ್ಜಯ್ಯ ಬಚ್ಚಲ ಹಂಡೆಯಿಂದ ಬಿಸಿನೀರು ಮೊಗೆದು ನಳಿಗೆಗೆ ಹೊಯ್ಯುತ್ತಿದ್ದರು, ಗಂಧಕದ ಕೊಳೆತ ಮೊಟ್ಟೆಯ ವಾಸನೆ ಹಿತ್ತಲಿಡೀ ತುಂಬುತ್ತಿತ್ತು. ಇಲ್ಲಿ ನಾನು ಸಿಂಕಿನ ಬಿಸಿನೀರಿಗೆ ಒಂದು ಹನಿ ಸೋಪು ಹಾಕಿ ಅದನ್ನೇ ಮಾಡುತ್ತೇನೆ. ಚಕಮಕಿಯ ಲಾಕನ್ನು ಪ್ರತಿ ಸಲ ಬಿಚ್ಚಬೇಕು, ಅದೊಂದು ಹದಿನೈದು ನಿಮಿಷ ಹೆಚ್ಚು.

ಹೊಸಬರು ಕೇಳಿದರೆ ಕೇಪಿನ ಕೋವಿಯನ್ನೇ ಕೊಳ್ಳಿ ಎನ್ನುತ್ತೇನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅಂಕ ಅದರಲ್ಲೇ ಬರುತ್ತದೆ. ಅದರ ಜೊತೆಗೆ ಒಂದು ಬೇಸಿಗೆಯ ಮಟ್ಟಿಗಾದರೂ ಯಾರದಾದರೂ ಚಕಮಕಿಯನ್ನು ಎರವಲು ತಂದು ಹೊಡೆಯಿರಿ. ನನಗೆ ಕೊಟ್ಟವರು ಚಳಿಗಾಲ ಮುಗಿಯುವವರೆಗೆ ಇಟ್ಟುಕೋ ಎಂದಿದ್ದಾರೆ. ಮರದ ತುಂಡು ಇನ್ನೂ ಅದರ ಕುದುರೆಯ ಬಾಯಲ್ಲೇ ಇದೆ.