ಮೂರು ಮಳೆಗಾಲ ಕಂಡ ನನ್ನ ಅಸೆಂಬಲ್ಡ್ ಪಿಸಿ: ವೇಗಕ್ಕೆ ಐದು ಸ್ಟಾರ್, ಬೆಳಗಿನ ಹಟಕ್ಕೆ ಎರಡು

ರೈಜೆನ್ 5 5600 ಪ್ರೊಸೆಸರ್ (ಸಿಪಿಯು), ಬಿ550 ಮದರ್‌ಬೋರ್ಡು, 16 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡು, 550 ವ್ಯಾಟ್ ಪವರ್ ಸಪ್ಲೈ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಭಾಗ ಕೊಂಡು, ಅಲ್ಲೇ ಜೋಡಿಸಿಕೊಂಡು ಸಾಗರಕ್ಕೆ ತಂದು ಮೂರು ವರ್ಷದ ಮೇಲಾಯಿತು. ಮದುವೆ ವಿಡಿಯೊ, ಯಕ್ಷಗಾನದ ರೆಕಾರ್ಡಿಂಗ್ ಎಡಿಟ್ ಮಾಡುವುದು ನನ್ನ ಕೆಲಸ. ವೇಗದ ಬಗ್ಗೆ ದೂರಿಲ್ಲ. ಇದೇ ದುಡ್ಡಿಗೆ ಸಿಗುತ್ತಿದ್ದ ಲ್ಯಾಪ್‌ಟಾಪ್‌ಗಳು ಇದರ ಹತ್ತಿರವೂ ಬರುತ್ತಿರಲಿಲ್ಲ.

ತಕರಾರು ಶುರುವಾಗಿದ್ದು ಎರಡನೇ ಮಳೆಗಾಲದಲ್ಲಿ. ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಬಣ್ಣದ ಲೈಟೆಲ್ಲ ಹತ್ತುತ್ತದೆ, ಮಾನಿಟರ್ ಮಾತ್ರ ಕಪ್ಪು. ಕೆಲವೊಮ್ಮೆ ಎರಡು ಸೆಕೆಂಡಿಗೆ ಆಫ್ ಆಗಿ ತಾನೇ ಮತ್ತೆ ಆನ್ ಆಗುತ್ತದೆ. ನಾಲ್ಕೈದು ಸಲ ಹಾಗೆ ಮಾಡಿದ ಮೇಲೆ ಏನೂ ಆಗದ ಹಾಗೆ ವಿಂಡೋಸ್ ಬರುತ್ತದೆ. ಒಮ್ಮೆ ಬಂತೆಂದರೆ ರಾತ್ರಿವರೆಗೂ ರೆಂಡರ್ (ಎಡಿಟ್ ಆದ ವಿಡಿಯೊ ಸಿದ್ಧಪಡಿಸುವ ಭಾರೀ ಕೆಲಸ) ಹಾಕಿದರೂ ಜಗ್ಗುವುದಿಲ್ಲ.

ಬೋರ್ಡಿನ ಮೂಲೆಯಲ್ಲಿ ನಾಲ್ಕು ಪುಟ್ಟ ಲೈಟ್ ಇವೆ: ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್ ಕಾರ್ಡು), ಬೂಟ್ (ವಿಂಡೋಸ್ ಶುರುವಾಗುವ ಹಂತ). ಡಿರ‍್ಯಾಮ್ ಅಂದರೆ ರ‍್ಯಾಮೇ. ಆನ್ ಆಗುವಾಗ ಬೋರ್ಡು ಒಂದೊಂದನ್ನೇ ಪರೀಕ್ಷೆ ಮಾಡುತ್ತಾ ಹೋಗುತ್ತದೆ, ಎಲ್ಲಿ ನಿಂತಿತೋ ಆ ಲೈಟ್ ಹತ್ತಿಕೊಂಡೇ ಇರುತ್ತದೆ. ನನ್ನದರಲ್ಲಿ ಡಿರ‍್ಯಾಮ್. ಊರಿನ ರಿಪೇರಿಯವರು ರ‍್ಯಾಮ್ ತೆಗೆದು, ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಹಾಕಿದರು. ಆನ್ ಆಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ರಾಗ. ಒಂದೇ ರ‍್ಯಾಮ್ ಇಟ್ಟು, ಸಿಪಿಯು ಕಡೆಯಿಂದ ಎರಡನೇ ಸ್ಲಾಟಿನಲ್ಲಿ ಹಾಕಿ, ರ‍್ಯಾಮ್ ಅದಲುಬದಲು ಮಾಡಿ ನೋಡಿದ್ದಾಯಿತು. ಪಿಸಿಯನ್ನು ಶುರುಮಾಡುವ ಮೂಲ ತಂತ್ರಾಂಶವಾದ ಬಯಾಸ್‌ನ ಸಿಆರ್2032 ಸೆಲ್ ಬದಲಿಸಿ ಸಿಮಾಸ್ ಕ್ಲಿಯರ್ (ಬೋರ್ಡು ನೆನಪಿಟ್ಟ ಸೆಟ್ಟಿಂಗ್ ಅಳಿಸುವುದು) ಮಾಡಿದ್ದೂ ಆಯಿತು. ಗ್ರಾಫಿಕ್ಸ್ ಕಾರ್ಡ್ ತೆಗೆದು ನೋಡಿ ಅಂತ ಒಬ್ಬರು ಹೇಳಿದರು. 5600ರ ಒಳಗೆ ಗ್ರಾಫಿಕ್ಸೇ ಇಲ್ಲ, ಕಾರ್ಡ್ ತೆಗೆದರೆ ಸರಿಯಿದ್ದ ಪಿಸಿಯೂ ಏನೂ ತೋರಿಸುವುದಿಲ್ಲ. 5600ಜಿ ಆಗಿದ್ದರೆ ಆ ಅನುಕೂಲ ಇರುತ್ತಿತ್ತು. ಹೊಸದಾಗಿ ಕೊಳ್ಳುವವರು ಇದನ್ನು ಗಮನಿಸಿ.

ಸುಳಿವು ಸಿಕ್ಕಿದ್ದು ಗೋಡೆಯ ಸ್ವಿಚ್ಚಿನಿಂದ. ಮಲೆನಾಡಿನಲ್ಲಿ ಗುಡುಗು ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ ಕಿತ್ತೇ ಮಲಗುತ್ತೇವೆ, ಅಲ್ವಾ? ಪ್ಲಗ್ ಕಿತ್ತ ಮರುದಿನವೇ ಹಟ ಜಾಸ್ತಿ. ಮಳೆ ಬಿಟ್ಟು ಪ್ಲಗ್ ಹಾಗೇ ಬಿಟ್ಟ ದಿನ ಒಂದೇ ಒತ್ತಿಗೆ ಆನ್. ಪಿಸಿ ಆಫ್ ಇದ್ದರೂ ಪವರ್ ಸಪ್ಲೈ 5 ವೋಲ್ಟಿನ ಸ್ಟ್ಯಾಂಡ್‌ಬೈ ಕರೆಂಟ್ ಕೊಡುತ್ತಲೇ ಇರುತ್ತದೆ, ಒಳಗಿನ ಭಾಗ ಸ್ವಲ್ಪವಾದರೂ ಎಚ್ಚರವಾಗಿರುತ್ತದೆ. ಪ್ಲಗ್ ಕಿತ್ತರೆ ಪೂರ್ತಿ ತಣ್ಣಗಾಗುತ್ತದೆ. ಪವರ್ ಸಪ್ಲೈ ಒಳಗೆ ಕರೆಂಟನ್ನು ಹಿಡಿದಿಟ್ಟು ಸಮವಾಗಿ ಹರಿಸುವ ಭಾಗ ಕೆಪಾಸಿಟರ್. ಸೊರಗಿದ ಕೆಪಾಸಿಟರ್‌ಗಳು ಕೈಕೊಡುವುದು ತಣ್ಣಗಿದ್ದಾಗಲೇ. ಬಿಸಿಯಾದ ಮೇಲೆ ಮತ್ತೆ ಒಳ್ಳೆಯವರ ಹಾಗೆ ನಡೆದುಕೊಳ್ಳುತ್ತವೆ.

ಹಾಗಾದರೆ ಡಿರ‍್ಯಾಮ್ ಲೈಟ್ ಯಾಕೆ? ಬೋರ್ಡು ರ‍್ಯಾಮ್ ಪರೀಕ್ಷಿಸುವ ಹೊತ್ತಿಗೆ ಕರೆಂಟ್ ಕುಸಿದರೆ ಅದು ಅಲ್ಲೇ ನಿಲ್ಲುತ್ತದೆ. ಎಲ್ಲಿ ನಿಂತಿತು ಅಂತ ಲೈಟ್ ಹೇಳುತ್ತದೆ, ಯಾಕೆ ನಿಂತಿತು ಅಂತ ಹೇಳುವುದಿಲ್ಲ. ಪವರ್ ಸಪ್ಲೈಯ ದೊಡ್ಡ ಕನೆಕ್ಟರಿನ ಹಸಿರು ವೈರನ್ನು ಕಪ್ಪು ವೈರಿಗೆ ಕ್ಲಿಪ್ಪಿನಿಂದ ಸೇರಿಸಿ ಫ್ಯಾನ್ ತಿರುಗಿದರೆ ಪವರ್ ಸಪ್ಲೈ ಸರಿ ಅನ್ನುತ್ತಾರೆ. ನನ್ನದೂ ತಿರುಗಿತು. ಲೋಡೇ (ಕರೆಂಟ್ ಎಳೆಯುವ ಭಾಗಗಳೇ) ಇಲ್ಲದಾಗ ಬಹಳಷ್ಟು ಕೆಟ್ಟ ಸಪ್ಲೈಗಳೂ ತಿರುಗುತ್ತವೆ. 12 ವೋಲ್ಟಿನ ಲೈನ್ 11.4ರಿಂದ 12.6ರ ಒಳಗಿರಬೇಕು. ಮಲ್ಟಿಮೀಟರ್ ಇಟ್ಟರೆ ಅದೂ ಸರಿಯಾಗೇ ಇತ್ತು. ಕ್ಷಣಮಾತ್ರದ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. ಕೊನೆಗೆ ಗೆಳೆಯರೊಬ್ಬರ ಪವರ್ ಸಪ್ಲೈ ಎರವಲು ತಂದು ಒಂದು ವಾರ ಹಾಕಿದೆ. ಪ್ಲಗ್ ಕಿತ್ತರೂ ಬೆಳಿಗ್ಗೆ ಒಂದೇ ಒತ್ತಿಗೆ ಆನ್.

ಅಸೆಂಬಲ್ಡ್ ಪಿಸಿಯ ನಿಜವಾದ ತಲೆನೋವು ಇಲ್ಲಿಂದ ಮುಂದೆ. ಪೂರ್ತಿ ಪಿಸಿಗೆ ಜವಾಬ್ದಾರರು ಯಾರೂ ಇಲ್ಲ. ರ‍್ಯಾಮ್ ವಾರಂಟಿ ಒಬ್ಬರದು, ಬೋರ್ಡಿನದು ಇನ್ನೊಬ್ಬರದು. ಯಾವುದು ಕೆಟ್ಟಿದೆ ಅಂತ ನಾವೇ ಪತ್ತೆ ಮಾಡಿ ಒಯ್ಯಬೇಕು. ಅಂಗಡಿಯವರು ಸರ್ವಿಸ್ ಸೆಂಟರಿಗೆ ಹೋಗಿ ಅಂದರು. ಸೆಂಟರಿನವರು ಪವರ್ ಸಪ್ಲೈಯನ್ನು ಟೇಬಲ್ ಮೇಲಿಟ್ಟು ನೋಡಿ "ಚೆನ್ನಾಗೇ ಇದೆಯಲ್ಲ ಸರ್" ಅಂತ ವಾಪಸ್ ಕೊಟ್ಟರು. ಅವರ ಟೇಬಲ್ ಮೇಲೆ ಅದಕ್ಕೆ ತಣ್ಣಗಾಗುವ ಪುರುಸೊತ್ತೇ ಸಿಗಲಿಲ್ಲ. ಎರಡನೇ ಸಲ ಬೆಳಗಿನ ಆಟವನ್ನು ಫೋನಿನಲ್ಲಿ ವಿಡಿಯೊ ಮಾಡಿ, ಸೀರಿಯಲ್ ನಂಬರ್ ಇರುವ ಬಿಲ್ ಜೊತೆ ಒಯ್ದೆ. ಐದು ವರ್ಷದ ವಾರಂಟಿ ಇತ್ತು, ಬದಲಿಸಿ ಕೊಟ್ಟರು. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಸುಮ್ನೆ "ಕಂಪ್ಯೂಟರ್ 1" ಅಂತ ಬರೆದು ಕೊಡುವ ಅಂಗಡಿಗಳೂ ಇವೆ.

ಪವರ್ ಸಪ್ಲೈ ಮೇಲಿನ 80 ಪ್ಲಸ್ ಗುರುತು ನೋಡಿ ಸಮಾಧಾನ ಪಡಬೇಡಿ. ಎಷ್ಟು ಕರೆಂಟ್ ಪೋಲಾಗುತ್ತದೆ ಅನ್ನುವುದಷ್ಟೇ ಅದರ ಲೆಕ್ಕ, ಬಾಳಿಕೆಯದ್ದಲ್ಲ. ವಾರಂಟಿ ವರ್ಷ ಜಾಸ್ತಿ ಇರುವುದನ್ನು ತೆಗೆದುಕೊಳ್ಳಿ. ಬಣ್ಣದ ಫ್ಯಾನಿಗೆ ಹಾಕುವ ದುಡ್ಡು ಅಲ್ಲಿಗೆ ಹೋಗಲಿ. ಆ ನಾಲ್ಕು ಪುಟ್ಟ ಲೈಟ್ ಇರುವ ಬೋರ್ಡನ್ನೇ ಆರಿಸಿ. ಅರ್ಧ ಸತ್ಯವೇ ಹೇಳಿದರೂ ಅವು ಬೇಕು.

ಬದಲಿ ಪವರ್ ಸಪ್ಲೈ ಹಾಕಿದ ಮೇಲೆ ಇನ್ನೊಂದು ಮಳೆಗಾಲ ಕಳೆಯಿತು, ತೊಂದರೆ ಇಲ್ಲ. ರ‍್ಯಾಮ್, ಬೋರ್ಡು, ಕಾರ್ಡು ಎಲ್ಲ ಹಳೆಯವೇ. ನನಗೆ ಇದೇ ಸಾಕು. ಆದರೆ ಎರವಲು ಭಾಗ ಕೊಡುವ ಗೆಳೆಯರು ಹತ್ತಿರದಲ್ಲಿ ಇಲ್ಲದಿದ್ದರೆ, ಕವಚ ಬಿಚ್ಚಲು ಮನಸ್ಸೂ ಇಲ್ಲದಿದ್ದರೆ, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿಯ ಕಂಪನಿ ಡೆಸ್ಕ್‌ಟಾಪ್ ಕೊಳ್ಳಿ, ಸ್ವಲ್ಪ ನಿಧಾನವಾದರೂ ಪರವಾಗಿಲ್ಲ.