ಉಬ್ಬಿದ ಲ್ಯಾಮಿನೇಟ್ ನೆಲಕ್ಕೆ ‘ಪಾಲಿಶ್ ಹೊಡೀತೀವಿ’ ಅಂದರೆ ನಂಬಬೇಡಿ

ಮನೆಯ ನೆಲಕ್ಕೆ ಲ್ಯಾಮಿನೇಟ್, ಅಂದರೆ ಮರದ ಥರ ಕಾಣುವ ಹಲಗೆ, ಹಾಕಿಸಿದವರು ದಯವಿಟ್ಟು ಓದಿ. ನನ್ನ 14,000 ರೂಪಾಯಿ ನೀರಲ್ಲಿ ಹೋಯಿತು.

ಎರಡು ದಿನ ಊರಿಗೆ ಹೋಗಿದ್ದೆವು. ವಾಪಸ್ ಬೆಂಗಳೂರಿಗೆ ಬಂದು ಬಾಗಿಲು ತೆಗೆದರೆ ವಾಟರ್ ಫಿಲ್ಟರ್ ಪೈಪ್ ಕಳಚಿಕೊಂಡು ಅಡುಗೆಮನೆಯಿಂದ ಹಾಲ್‌ವರೆಗೂ ನೀರು. ಒರೆಸಿದೆವು, ಫ್ಯಾನ್ ಹಾಕಿದೆವು. ನಾಲ್ಕು ದಿನಕ್ಕೆ ಹಲಗೆಗಳ ಅಂಚು ಎದ್ದು ನಿಂತಿತು, ಬರಿಗಾಲಲ್ಲಿ ನಡೆದರೆ ತಾಗುವಷ್ಟು.

ಫ್ಲೋರಿಂಗ್ ರಿಪೇರಿಯವರು ಬಂದು ಬೆರಳಲ್ಲಿ ತಟ್ಟಿ ನೋಡಿದರು. “ಹಲಗೆ ಬದಲಾಯಿಸೋದೇ ಬೇಡ ಮೇಡಂ. ಕೆಳಗಿನ ಫೋಮ್ ತೆಗೆದು, ಒಣಗಿಸಿ, ಅಂಚು ಉಜ್ಜಿ ಪಾಲಿಶ್ ಹೊಡೀತೀವಿ, ಹೊಸದರ ಥರ ಆಗುತ್ತೆ.” ಅಲ್ಲೇ ನಿಂತು 8,000 ಮುಂಗಡ ಹಾಕಿಸಿಕೊಂಡರು. ಬಿಲ್ ಕೇಳಿದರೆ ಕೆಲಸ ಮುಗಿದ ಮೇಲೆ ಅಂದರು. ಇವತ್ತಿನವರೆಗೂ ಕೊಟ್ಟಿಲ್ಲ.

ಕೆಲಸದ ದಿನ ನಾನು ಆಫೀಸಿನಲ್ಲಿದ್ದೆ, ಮನೆಯಲ್ಲಿ ಅತ್ತೆ ಒಬ್ಬರೇ. ಸಂಜೆ ಬಂದಾಗ ನೆಲ ಫಳಫಳ ಹೊಳೆಯುತ್ತಿತ್ತು. ಖುಷಿಯಲ್ಲಿ ಉಳಿದ 6,000 ಕೂಡ ಕಳಿಸಿಬಿಟ್ಟೆ. ಬಗ್ಗಿ ಕೂಡ ನೋಡಲಿಲ್ಲ!

ವಾರದ ನಂತರ ನೆಲ ಒರೆಸುತ್ತಿದ್ದೆ. ಬಟ್ಟೆಗೆ ಕಂದು ಬಣ್ಣ ಹತ್ತಿತು. ಇನ್ನೊಮ್ಮೆ ಉಜ್ಜಿದೆ, ಅಂಚಿನ ಬಣ್ಣ ಪೂರ್ತಿ ಹೋಗಿ ಒಳಗಿನ ಹೊಟ್ಟು ಕಾಣಿಸಿತು. ಆಗ ಅರ್ಥವಾಯಿತು. ಲ್ಯಾಮಿನೇಟ್ ಮೇಲಿರುವುದು ಮರ ಅಲ್ಲ, ಮರದ ಚಿತ್ರ ಇರುವ ಕಾಗದ, ಅದರ ಮೇಲೊಂದು ತೆಳು ಪದರ, ಅಷ್ಟೇ. ಅದಕ್ಕೆ ಪಾಲಿಶ್ ಎಲ್ಲಿಂದ ಬರುತ್ತೆ? ಉಬ್ಬಿದ ಕಡೆ ಸ್ಯಾಂಡ್‌ಪೇಪರ್‌ನಿಂದ ಕಾಗದವನ್ನೇ ಕಿತ್ತು ಬಣ್ಣ ಬಳಿದು ಹೋಗಿದ್ದರು. ಅಷ್ಟರಲ್ಲಿ ಮುಗ್ಗಲು ವಾಸನೆ ಬೇರೆ ಶುರುವಾಗಿತ್ತು. ಮೂಲೆಯ ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಕಿತ್ತು ನೋಡಿದರೆ ಫೋಮ್ ಅಲ್ಲೇ ಇದೆ, ಒದ್ದೆಯಾಗಿ, ಕಪ್ಪು ಬೂಸ್ಟು ಹಿಡಿದು. ತೆಗೆದು ಒಣಗಿಸುತ್ತೇವೆ ಅಂದಿದ್ದ ಅದೇ ಫೋಮ್!

ಫೋನ್ ಮಾಡಿದೆ. “ಮರ ಅಂದ್ಮೇಲೆ ಮಳೆಗಾಲದಲ್ಲಿ ಸ್ವಲ್ಪ ಉಬ್ಬುತ್ತೆ ಮೇಡಂ.” ಅದು ಮರ ಅಲ್ವಲ್ಲ, ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಎಚ್‌ಡಿಎಫ್ ಅಂದೆ. “ನೀವು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೀರ, ಅದಕ್ಕೇ.” ಫೋಮ್ ಯಾಕೆ ತೆಗೆದಿಲ್ಲ ಅಂದರೆ, “ತೆಗೀತೀನಿ ಅಂತ ಬರೆದುಕೊಟ್ಟಿದ್ನಾ?” ಫೋಟೋ ಕಳಿಸಿದೆ, ನೋಡಿದ್ದಾರೆ, ಉತ್ತರ ಇಲ್ಲ. ಈಗ ಫೋನೂ ಎತ್ತುವುದಿಲ್ಲ.

ಎಚ್‌ಡಿಎಫ್ ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನ ಹಾಗೆ ಕೂರುವುದಿಲ್ಲ. ಆ ಹಲಗೆ ಬದಲಾಯಿಸಲೇಬೇಕು. ನೀರು ನುಗ್ಗಿದ ದಿನವೇ ಸ್ಕರ್ಟಿಂಗ್ ತೆಗೆಸಿ, ಹಲಗೆ ಬಿಚ್ಚಿಸಿ ಒಣಗಿಸಿ. ಬರೀ ಮೇಲೆ ಒರೆಸಿ ಸುಮ್ಮನಾಗಬೇಡಿ. ಹಾಕಿಸುವಾಗ ಮಿಕ್ಕ ಹಲಗೆಗಳನ್ನು ಎತ್ತಿಡಿ, ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸುವ ಲಾಕ್ ಒಂದು ಕಂಪನಿಯದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಏನೇನು ಮಾಡುತ್ತಾರೆ ಅಂತ ಬರೆಸಿಕೊಳ್ಳದೆ ಒಂದು ರೂಪಾಯಿಯೂ ಮುಂಗಡ ಕೊಡಬೇಡಿ. ನಾನು ಕೊಟ್ಟೆ.

ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಅವತ್ತು ಅತ್ತೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. “ಹಲಗೆ ಎತ್ತಲೇ ಇಲ್ವಲ್ಲಪ್ಪ, ಕೆಳಗಡೆ ಒಣಗೋದು ಹೇಗೆ?” ಅಂತ ಎರಡು ಸಲ ಕೇಳಿದ್ದಾರೆ. “ನಿಮಗೆ ಇದೆಲ್ಲ ಗೊತ್ತಾಗಲ್ಲ ಅಜ್ಜಿ, ಸುಮ್ನೆ ಕೂತ್ಕೊಳಿ” ಅಂದನಂತೆ ಕೆಲಸಕ್ಕೆ ಬಂದವನು. ಸಂಜೆ ಅವರು ಅದನ್ನು ಹೇಳಿದಾಗ ನಾನೂ ಕಿವಿಗೆ ಹಾಕಿಕೊಳ್ಳಲಿಲ್ಲ.