ಐದೂಕಾಲು ಇಂಚಿನ ಜಾಗಕ್ಕೆ ಆರೂವರೆ ಇಂಚಿನ ಸ್ಪೀಕರ್

ಕಾರಿನ ಮುಂಬಾಗಿಲುಗಳಲ್ಲಿ ಕಂಪನಿಯೇ ಕೂರಿಸಿ ಕೊಟ್ಟಿದ್ದ 5.25 ಇಂಚಿನ ಸ್ಪೀಕರುಗಳನ್ನು ತೆಗೆದು, ಅದೇ ಜಾಗಕ್ಕೆ 6.5 ಇಂಚಿನ ಒಂದು ಜೊತೆ ಕೊಆಕ್ಸಿಯಲ್ (ಏರುಸ್ವರಗಳ ಪುಟ್ಟ ಸ್ಪೀಕರ್ ನಡುವೆಯೇ ಇರುವ) ಸ್ಪೀಕರುಗಳನ್ನು ಹಾಕಿ ನಾಲ್ಕು ತಿಂಗಳಾಯಿತು. ಪೆಟ್ಟಿಗೆಯಲ್ಲಿ ಸ್ಪೀಕರುಗಳ ಜೊತೆಗೆ ಸ್ಪೀಕರನ್ನು ಬಾಗಿಲಿನ ತಗಡಿನಿಂದ ತುಸು ಮುಂದಕ್ಕೆ ನಿಲ್ಲಿಸುವ ಎರಡು ಪ್ಲಾಸ್ಟಿಕ್ ಸ್ಪೇಸರ್ ಬಳೆಗಳು, ಸ್ಕ್ರೂಗಳು ಮತ್ತು ತಗಡು ಕತ್ತರಿಸಲು ಗುರುತು ಹಾಕಿಕೊಳ್ಳುವ ಕಾಗದದ ಅಚ್ಚು ಇದ್ದವು. ಸ್ಪೀಕರಿನ ಬಗ್ಗೆ ನನಗೆ ಹೆಚ್ಚಿನ ತಕರಾರಿಲ್ಲ, ಬಳೆಯ ಬಗ್ಗೆ ಇದೆ. ಹಣ ಹೋಗುವುದು ಸ್ಪೀಕರಿಗಾದರೂ ಕೆಲಸದ ಫಲ ನಿಂತಿರುವುದು ಬಳೆಯ ಮೇಲಾದ್ದರಿಂದ ಈ ವಿಮರ್ಶೆಯ ಬಹುಪಾಲು ಅದಕ್ಕೇ ಮೀಸಲು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿರುವುದು ಸ್ಪೀಕರಿನ ವ್ಯಾಸ. ಆದರೆ ಅದು ಬಾಗಿಲಿನಲ್ಲಿ ಕೂರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದರ ಆಳ. ಕಿಟಕಿಯ ಗಾಜನ್ನು ಪೂರ್ತಿ ಕೆಳಗಿಳಿಸಿದಾಗ ಬಾಗಿಲಿನ ಒಳತಗಡಿಗೂ ಗಾಜಿಗೂ ನಡುವೆ ನನ್ನ ಕಾರಿನಲ್ಲಿ ಉಳಿಯುವುದು 52 ಮಿ.ಮೀ., ಈ ಸ್ಪೀಕರಿನ ಆಳ 60 ಮಿ.ಮೀ. ಪೆಟ್ಟಿಗೆಯಲ್ಲಿದ್ದ ಬಳೆಯ ದಪ್ಪ 10 ಮಿ.ಮೀ. ಇದ್ದುದರಿಂದ ಲೆಕ್ಕದ ಪ್ರಕಾರ ಎರಡು ಮಿಲಿಮೀಟರ್ ಮಿಗಬೇಕಿತ್ತು, ಮಿಕ್ಕಿತ್ತು ಕೂಡ. ಆದರೆ ಇಳಿಸಿದ ಗಾಜು ಹಳ್ಳದಿಣ್ಣೆಯ ರಸ್ತೆಯಲ್ಲಿ ಅಲುಗಾಡುತ್ತದೆ ಎಂಬುದು ಆ ಲೆಕ್ಕದಲ್ಲಿ ಸೇರಿರಲಿಲ್ಲ. ಮೊದಲ ವಾರದಲ್ಲೇ ಅಯಸ್ಕಾಂತದ ಬೆನ್ನಿಗೆ ಗಾಜು ತಾಗಿ ಕಿರ್ರೆಂದಿತು.

ಬಳೆಯ ಇನ್ನೊಂದು ದೋಷ ಅದರ ರಚನೆಯಲ್ಲಿದೆ. ಮೇಲ್ನೋಟಕ್ಕೆ ಗಟ್ಟಿಯಾಗಿ ಕಂಡರೂ ತಿರುವಿ ನೋಡಿದರೆ ಒಳಗೆ ಟೊಳ್ಳು, ನಡುನಡುವೆ ತೆಳ್ಳನೆಯ ಪಟ್ಟಿಗಳಷ್ಟೇ. ಸ್ಕ್ರೂ ಬಿಗಿಮಾಡಿದಂತೆ ಅದು ಬಾಗಿ, ತಗಡಿಗೂ ಬಳೆಗೂ ನಡುವೆ ಸಂದು ಬಿಡುತ್ತದೆ. ಸ್ಪೀಕರಿನ ಕೋನ್ (ಅದುರಿ ಸದ್ದು ಹೊರಡಿಸುವ ಶಂಕುವಿನಾಕಾರದ ಭಾಗ) ಮುಂದಕ್ಕೆ ಗಾಳಿಯನ್ನು ತಳ್ಳುವಾಗ ಹಿಂದಿನಿಂದ ಎಳೆದುಕೊಳ್ಳುತ್ತದೆ. ಈ ಎರಡು ಅಲೆಗಳು ಪರಸ್ಪರ ವಿರುದ್ಧವಾಗಿರುವುದರಿಂದ ಸಂದಿನ ಮೂಲಕ ಒಂದನ್ನೊಂದು ಸೇರಿದರೆ ಬಾಸ್ ಕರಗಿಹೋಗುತ್ತದೆ. ದೊಡ್ಡ ಸ್ಪೀಕರ್ ಹಾಕಿಯೂ ಬಾಸ್ ಬರಲಿಲ್ಲ ಎಂದು ಬೇಸರಪಡುವ ಎಷ್ಟೋ ಮಂದಿಯ ಕಾರಿನಲ್ಲಿ ತಪ್ಪಿರುವುದು ಬಹುಶಃ ಇಲ್ಲಿಯೇ.

ಕೊನೆಗೆ 18 ಮಿ.ಮೀ. ದಪ್ಪದ ಎಚ್‌ಡಿಪಿಇ ಹಾಳೆಯಿಂದ ನಾನೇ ಬಳೆಗಳನ್ನು ಕತ್ತರಿಸಿಕೊಂಡೆ. ತರಕಾರಿ ಹೆಚ್ಚುವ ಬಿಳಿ ಹಲಗೆಗಳಿಗೆ ಬಳಸುವ ಪ್ಲಾಸ್ಟಿಕ್ಕೇ ಇದು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಕತ್ತರಿಸುವುದು ಸುಲಭವಾದರೂ ಬಾಗಿಲಿಗೆ ಅದು ಸಲ್ಲದು. ಗಾಜಿನ ಅಂಚಿನ ರಬ್ಬರನ್ನು ದಾಟಿ ಮಳೆನೀರು ಬಾಗಿಲಿನೊಳಗೆ ಇಳಿಯುವುದು ಸಹಜ, ಬಣ್ಣ ಬಳಿಯದ ಎಂಡಿಎಫ್ ಆ ನೀರಿಗೆ ಉಬ್ಬಿ ಸ್ಕ್ರೂ ಹಿಡಿತವನ್ನು ಕಳೆದುಕೊಳ್ಳುತ್ತದೆ. ಬಳೆ ದಪ್ಪವಾದಷ್ಟೂ ಸ್ಪೀಕರ್ ಮುಂದಕ್ಕೆ ಬರುವುದರಿಂದ ಡೋರ್ ಪ್ಯಾಡಿನ (ಬಾಗಿಲಿನ ಒಳಹೊದಿಕೆಯ) ಜಾಲರಿಗೆ ತಾಗುವ ಅಪಾಯವೂ ಇದೆ. ಮಕ್ಕಳಾಟದ ಜೇಡಿಯ ಒಂದು ಉಂಡೆಯನ್ನು ಸ್ಪೀಕರಿನ ಅಂಚಿಗೆ ಅಂಟಿಸಿ, ಪ್ಯಾಡನ್ನು ಒತ್ತಿ ತೆಗೆದು, ಚಪ್ಪಟೆಯಾದ ಜೇಡಿಯ ದಪ್ಪವನ್ನು ಅಳೆದಾಗ ಆರು ಮಿಲಿಮೀಟರ್ ಉಳಿದಿರುವುದು ಖಚಿತವಾಯಿತು. ಬಳೆಯ ಎರಡೂ ಬದಿಗೆ ಫೋಮ್ ಪಟ್ಟಿ ಹಾಕಿದ ಮೇಲೆ ಕೇಳಿಬಂದ ಬಾಸ್, ಸ್ಪೀಕರ್ ಬದಲಿಸಿದ ದಿನ ಕೇಳಿದ್ದಕ್ಕಿಂತ ಸ್ಪಷ್ಟವಾಗಿ ಹೆಚ್ಚು.

ಕಾಗದದ ಅಚ್ಚನ್ನು ನಂಬಿ ತಗಡು ಕತ್ತರಿಸಲು ಹೋಗಬಾರದು. ಅದು ತೋರಿಸಿದಷ್ಟು ಅಗಲಿಸಿದ್ದರೆ ನನ್ನ ಬ್ಲೇಡು ಗಾಜು ಏರಿಳಿಸುವ ಹಳಿಯ ಬೋಲ್ಟಿನ ಬುಡಕ್ಕೇ ಬರುತ್ತಿತ್ತು. ಸ್ಪೀಕರಿನ ಚೌಕಟ್ಟು ಹಿಂದಕ್ಕೆ ಹೋದಂತೆ ಕಿರಿದಾಗುವುದರಿಂದ, ದಪ್ಪ ಬಳೆಯಿದ್ದಾಗ ಸುತ್ತಲೂ ಮೂರ್ನಾಲ್ಕು ಮಿಲಿಮೀಟರ್ ಅರದಿಂದ ಉಜ್ಜಿದರೆ ಸಾಕಾಯಿತು. ಉಜ್ಜಿದ ಅಂಚಿಗೆ ತುಕ್ಕು ಹಿಡಿಯದಂತೆ ಪ್ರೈಮರ್ ಬಳಿದೆ. ಹಳೆಯ ಸ್ಪೀಕರಿನ ರಿವೆಟ್ಟುಗಳನ್ನು ಡ್ರಿಲ್ ಮಾಡುವಾಗ ಉದುರುವ ಕಬ್ಬಿಣದ ಪುಡಿಯನ್ನು ಹೊಸ ಸ್ಪೀಕರಿನ ಅಯಸ್ಕಾಂತ ಸೆಳೆದುಕೊಳ್ಳುತ್ತದಾದ್ದರಿಂದ ಅದನ್ನು ಪೂರ್ತಿ ಗುಡಿಸಿ ತೆಗೆಯುವವರೆಗೆ ಪೆಟ್ಟಿಗೆ ತೆರೆಯದಿರುವುದು ಲೇಸು. ಬಾಗಿಲಿನ ಒಳತಗಡಿನ ಕಂಡಿಗಳನ್ನು ಬ್ಯುಟೈಲ್ ಎಂಬ ಅಂಟುರಬ್ಬರಿನ ಹಾಳೆಯಿಂದ ಮುಚ್ಚುವವರು ಒಂದು ವಿಷಯ ಗಮನಿಸಬೇಕು: ಕೆಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗಿಗಾಗಿ ಬಾಗಿಲಿನೊಳಗಿನ ಗಾಳಿಯ ಒತ್ತಡವನ್ನು ಅಳೆಯುವ ಸೆನ್ಸರ್ ಇರುತ್ತದೆ, ಅಂಥ ಬಾಗಿಲನ್ನು ಮುಚ್ಚುವುದೂ ಕೊರೆಯುವುದೂ ಆಟದ ಮಾತಲ್ಲ.

ಇನ್ನು ಧ್ವನಿ. ಕೋನಿನ ವಿಸ್ತೀರ್ಣ ಹಳೆಯದರ ಸುಮಾರು ಒಂದೂವರೆ ಪಟ್ಟಾಗಿದೆ. ಮೃದಂಗದ ಎಡಬಲಗಳು ಈಗ ಬೇರೆಬೇರೆಯಾಗಿ ಕೇಳುತ್ತವೆ. ಪೆಟ್ಟಿಗೆಯ ಮೇಲೆ ಮೆರೆಯುವ 300 ವ್ಯಾಟ್ ಕ್ಷಣಮಾತ್ರದ್ದು, ಆರ್‌ಎಂಎಸ್ ಲೆಕ್ಕದಲ್ಲಿ, ಅಂದರೆ ಸತತವಾಗಿ ತಾಳುವ ಮಟ್ಟಿಗೆ, ಇದರ ಸಾಮರ್ಥ್ಯ 50 ವ್ಯಾಟ್. ಕಾರಿನ ಸ್ಟೀರಿಯೊ ಸತತವಾಗಿ ಕೊಡುವುದು ಅದಕ್ಕಿಂತಲೂ ಬಹಳ ಕಡಿಮೆಯಾದ್ದರಿಂದ, ನನ್ನಂತೆ ಆಂಪ್ಲಿಫೈಯರ್ ಇಲ್ಲದವರು ವ್ಯಾಟ್ ಬಿಟ್ಟು ಸೆನ್ಸಿಟಿವಿಟಿಯನ್ನು, ಅಂದರೆ ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು ಬರುತ್ತದೆಂಬುದನ್ನು, ನೋಡಬೇಕು; ಅಲ್ಲಿ 3 ಡೆಸಿಬೆಲ್ ಹೆಚ್ಚಿದ್ದರೆ ಅರ್ಧದಷ್ಟು ವಿದ್ಯುತ್ತಿನಲ್ಲೇ ಅದೇ ಸದ್ದು ಬರುತ್ತದೆ. ಇದರದು 90 ಡೆಸಿಬೆಲ್, ತೃಪ್ತಿಕರ. 80 ಹರ್ಟ್ಸ್‌ಗಿಂತ ಕೆಳಗಿನ ಅತಿ ಮಂದ್ರ ಸದ್ದನ್ನು ಸ್ಟೀರಿಯೊದಲ್ಲೇ ತಡೆದ ಮೇಲೆ ವಾಲ್ಯೂಮ್ ಏರಿಸಿದರೂ ಒಡಕು ಕೇಳಿಸುತ್ತಿಲ್ಲ.

ಒಪ್ಪಿಗೆಯಾಗದಿರುವುದು ಟ್ವೀಟರ್, ಅಂದರೆ ಏರುಸ್ವರಗಳ ಪುಟ್ಟ ಸ್ಪೀಕರ್. ಕೋನಿನ ನಡುವೆಯೇ ಅದು ಕೂತಿರುವುದರಿಂದ ಹಾಡುವವರು ನನ್ನ ಮೊಣಕಾಲಿನ ಹತ್ತಿರ ನಿಂತು ಹಾಡಿದಂತಿದೆ. ಕನ್ನಡಿಯ ಬಳಿ ಟ್ವೀಟರಿಗೆ ಜಾಗವಿರುವ ಕಾರಿನವರು ಟ್ವೀಟರ್ ಬೇರೆಯಾಗಿರುವ ಕಾಂಪೊನೆಂಟ್ ಜೊತೆಯನ್ನೇ ಕೊಳ್ಳುವುದು ಮೇಲು. ನನ್ನ ಕಾರಿನಲ್ಲಿ ಆ ಜಾಗವಿಲ್ಲ, ಹಾಗಾಗಿ ಟ್ರೆಬಲ್ಲನ್ನು ಎರಡು ಹೆಜ್ಜೆ ಇಳಿಸಿಕೊಂಡು ಕೇಳುತ್ತಿದ್ದೇನೆ.